ಮೋಸ್ತಾರಿನ ತಾಮ್ರದಲ್ಲಿ ಒಗ್ಗರಣೆ

ನಮ್ಮ ಅಡುಗೆಮನೆಯಲ್ಲಿ ಉದ್ದ ಹಿಡಿಕೆಯ ಒಂದು ಪುಟ್ಟ ತಾಮ್ರದ ಪಾತ್ರೆ ಇದೆ. ಹೊಟ್ಟೆ ದಪ್ಪ, ಕುತ್ತಿಗೆ ಸಣ್ಣ, ಮೈತುಂಬ ಬಳ್ಳಿ ಹೂವಿನ ಕೆತ್ತನೆ. ಬೋಸ್ನಿಯಾ ದೇಶದ ಮೋಸ್ತಾರ್ ಎಂಬ ಊರಿನಲ್ಲಿ ಇದಕ್ಕೆ ಜೆಜ್ವಾ ಎನ್ನುತ್ತಾರೆ. ಅಲ್ಲಿನ ಜನ ಇದರಲ್ಲಿ ಕಾಫಿ ಕುದಿಸಿ, ತಟ್ಟೆಯಲ್ಲಿಟ್ಟು, ಪಕ್ಕದಲ್ಲೊಂದು ಸಿಹಿ ತುಂಡು ಇಟ್ಟುಕೊಂಡು, ನದಿ ನೋಡುತ್ತ ಅರ್ಧ ದಿನ ಕುಡಿಯುತ್ತಾರೆ. ವಿಜಯಪುರದ ನಮ್ಮ ಮನೆಯಲ್ಲಿ ಇದರೊಳಗೆ ಸಾಸಿವೆ ಸಿಡಿಯುತ್ತದೆ.

ಇವತ್ತು ಬೆಳಿಗ್ಗೆಯೂ ಅದೇ ಆಯಿತು. ನನ್ನ ಹೆಂಡತಿ ಅದರಲ್ಲಿ ಎಣ್ಣೆ ಕಾಯಿಸಿ, ಬೆಳ್ಳುಳ್ಳಿ ಜಜ್ಜಿ ಹಾಕುತ್ತಿದ್ದಳು. ನಾನು ತಿಳಿದವನ ಗತ್ತಿನಲ್ಲಿ, ಇದು ತುರ್ಕರ ಕಾಲದ ಕುಶಲಕಲೆ, ನಾಲ್ಕಾರು ನೂರು ವರ್ಷಗಳ ಪರಂಪರೆ, ಹೀಗೆ ಎಣ್ಣೆ ಕಾಯಿಸಿದರೆ ಒಳಗಿನ ಕಲಾಯಿ ಹೋಗುತ್ತದೆ ಎಂದೆಲ್ಲ ಹೇಳಿದೆ.

"ಹೋದ್ರ ಹೋಗ್ಲಿ ಬಿಡ್ರಿ. ಓಣಿಗೆ ಕಲಾಯಿ ಹಾಕಾಂವ ಬರ್ತಾನ. ಹಿಡಿಕಿ ಉದ್ದ ಐತಿ, ಕೈ ಸುಡೂದಿಲ್ಲ," ಎಂದಳು.

ನಾನು ಸುಮ್ಮನಾದೆ. ಮೂವತ್ತು ವರ್ಷ ಸಂಸಾರ ಮಾಡಿದವನಿಗೆ ಸುಮ್ಮನಾಗುವುದನ್ನು ಯಾರೂ ಕಲಿಸಬೇಕಾಗಿಲ್ಲ. ಮೇಲಾಗಿ ಆ ಪಾತ್ರೆ ನಾನು ಕೊಂಡಿದ್ದಲ್ಲ, ನನ್ನ ಅಣ್ಣ ಕೊಂಡಿದ್ದು. ಕೊಳ್ಳುವ ಹೊತ್ತಿನಲ್ಲಿ ಅಣ್ಣ ನನ್ನೊಡನೆ ಮಾತು ಬಿಟ್ಟಿದ್ದ. ನಾನೂ ಬಿಟ್ಟಿದ್ದೆ, ಆ ವಿಷಯದಲ್ಲಿ ನಾನೇನು ಕಡಿಮೆಯವನಲ್ಲ.

ವಿಜಯಪುರದವನು ಹಳೆಯ ಗುಮ್ಮಟ ನೋಡಲು ವಿಮಾನ ಹತ್ತಿದ ಎಂದರೆ ನೀವು ನಗುತ್ತೀರಿ. ನಗಿರಿ. ನಾವು ಇಲ್ಲಿ ಹುಟ್ಟುತ್ತಲೇ ಗುಮ್ಮಟ ನೋಡಿದವರು. ಕಿಟಕಿ ತೆರೆದರೆ ಗುಮ್ಮಟ, ಬಟ್ಟೆ ಒಣಗಿಸಲು ಮಾಳಿಗೆ ಹತ್ತಿದರೆ ಗುಮ್ಮಟ, ಹಾಲು ತರಲು ಹೋದರೆ ದಾರಿಯಲ್ಲಿ ಹೆಸರೂ ಗೊತ್ತಿಲ್ಲದ ಇನ್ನೆರಡು ಗುಮ್ಮಟ. ಬೇರೆಯವರು ಅವುಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾವು ಅವುಗಳ ನೆರಳಲ್ಲಿ ಸ್ಕೂಟರ್ ನಿಲ್ಲಿಸುತ್ತೇವೆ. ಮನೆಗೆ ನೆಂಟರು ಬಂದಾಗ ಮಾತ್ರ ನಮಗೆ ಇತಿಹಾಸದ ನೆನಪಾಗುತ್ತದೆ. ಆಗ ನೆಂಟರನ್ನು ಗೋಳಗುಮ್ಮಟದ ಮೆಟ್ಟಿಲು ಹತ್ತಿಸಿ, ಅವರಿಗಿಂತ ಹೆಚ್ಚು ನಾವೇ ಏದುಸಿರು ಬಿಟ್ಟು, ಮೇಲೆ ಹೋಗಿ ಒಂದು ಚಪ್ಪಾಳೆ ತಟ್ಟಿ, "ಹೆಂಗೈತಿ?" ಎಂದು ಕೇಳುತ್ತೇವೆ, ನಾವೇ ಕಟ್ಟಿಸಿದವರ ಹಾಗೆ. ಊರಿನ ಗೈಡುಗಳು, ಇಲ್ಲಿ ಆಳಿದ ಸುಲ್ತಾನರ ಮೂಲಪುರುಷ ತುರ್ಕರ ರಾಜಮನೆತನದಿಂದ ತಪ್ಪಿಸಿಕೊಂಡು ಬಂದ ಕುವರ ಎಂಬ ಕಥೆಯನ್ನೂ ಹೇಳುತ್ತಾರೆ. ಅದು ನಿಜವೋ ಸುಳ್ಳೋ ನಾನರಿಯೆ. ಆದರೆ ಆ ತುರ್ಕರೇ ಕಟ್ಟಿದ ಊರೊಂದನ್ನು ನೋಡಲು ತಿಕೋಟಾದ ದ್ರಾಕ್ಷಿ ಬೆಳೆಗಾರರು ಹೊರಟಾಗ, ನಾನು ಈ ಕಥೆಯನ್ನೇ ನೆಪ ಮಾಡಿಕೊಂಡು ಹೆಸರು ಬರೆಸಿದೆ.

ಅದಕ್ಕೆ ಅವರು ಇಟ್ಟ ಹೆಸರು ಅಧ್ಯಯನ ಪ್ರವಾಸ. ಯುರೋಪಿನ ದ್ರಾಕ್ಷಿ ತೋಟಗಳನ್ನು ನೋಡಿ, ಬಳ್ಳಿ ಹಬ್ಬಿಸುವ ಹೊಸ ರೀತಿ ಕಲಿತು, ಊರಿಗೆ ಮರಳಿ ಉದ್ಧಾರ ಮಾಡುವುದು ಉದ್ದೇಶ. ತೋಟಗಳನ್ನು ನಾವು ಬಸ್ಸಿನ ಕಿಟಕಿಯಿಂದ ಅಧ್ಯಯನ ಮಾಡಿದೆವು. "ನಮ್ಮವs ಚಲೋ ಅದಾವ ಬಿಡ್ರಿ," ಎಂದು ಬಿಜ್ಜರಗಿಯ ಒಬ್ಬರು ಹೇಳಿದರು, ಉಳಿದವರು ಹೂಂ ಎಂದರು. ಅಧ್ಯಯನ ಅಲ್ಲಿಗೆ ಮುಗಿಯಿತು. ಆಮೇಲೆ ಎಲ್ಲರೂ ಕಡಕ್ ರೊಟ್ಟಿಯ ಗಂಟು ಬಿಚ್ಚಿದರು. ಶೇಂಗಾ ಚಟ್ನಿಯ ವಾಸನೆಗೆ ಡ್ರೈವರ್ ಎರಡು ಸಲ ಬಸ್ಸು ನಿಲ್ಲಿಸಿ ಇಂಜಿನ್ ತೆರೆದು ನೋಡಿದ.

ಇನ್ನು ಅಣ್ಣನ ವಿಷಯ. ನಾನು ವಿಜಯಪುರದಲ್ಲಿ ಒಣದ್ರಾಕ್ಷಿಯ ಅಂಗಡಿ ಇಟ್ಟುಕೊಂಡವನು. ಅಣ್ಣ ತಿಕೋಟಾದಲ್ಲಿ ತೋಟ ನೋಡಿಕೊಂಡಿರುವವನು. ಅವನ ಪಾಲಿನ ತೋಟ, ನನ್ನ ಪಾಲಿನ ತೋಟ ಎರಡಕ್ಕೂ ನಡುವೆ ಒಂದು ಬದು, ಎರಡಕ್ಕೂ ಸೇರಿ ಒಂದು ಬೋರು. ಜಗಳವಾದದ್ದು ಬದುವಿಗೂ ಅಲ್ಲ, ಬೋರಿಗೂ ಅಲ್ಲ. ಅಷ್ಟು ಸಾಮಾನ್ಯ ಕಾರಣಕ್ಕೆ ಜಗಳವಾಡುವ ಮನೆತನ ನಮ್ಮದಲ್ಲ. ಅಣ್ಣನ ಮಗನ ಮದುವೆ ಕಾರ್ಡಿನಲ್ಲಿ, 'ಸುಖಾಗಮನ ಬಯಸುವವರು' ಎಂಬ ಸಾಲಿನ ಕೆಳಗೆ, ಸ್ವಂತ ಚಿಕ್ಕಪ್ಪನಾದ ನನ್ನ ಹೆಸರಿಗಿಂತ ಮೇಲೆ ವೈನಿಯ ತಮ್ಮನ ಹೆಸರು ಅಚ್ಚಾಗಿತ್ತು. ವೈನಿ ಎಂದರೆ ನನ್ನ ಅತ್ತಿಗೆ, ಅಣ್ಣನ ಹೆಂಡತಿ. ಅವರ ತವರು ಬಬಲೇಶ್ವರ. ಅಲ್ಲಿಂದ ವರ್ಷಕ್ಕೊಮ್ಮೆ ಬಂದು, ಹೊಟ್ಟೆ ತುಂಬ ಹೋಳಿಗೆ ಉಂಡು ಹೋಗುವ ಆ ಮನುಷ್ಯ ನನ್ನ ತಲೆಯ ಮೇಲೆ!

ನಾನು ಮದುವೆಗೆ ಹೋದೆ. ಕೊನೆಯ ಸಾಲಿನಲ್ಲಿ ಕುಳಿತೆ. ಊಟ ಮಾತ್ರ ಮೊದಲ ಪಂಕ್ತಿಯಲ್ಲಿ ಮಾಡಿದೆ, ಸಿಟ್ಟು ಅನ್ನದ ಮೇಲಲ್ಲವಲ್ಲ. ಆದರೆ ಆಹೇರು, ಅಂದರೆ ಬಟ್ಟೆಯ ಉಡುಗೊರೆ, ಮಾಡುವ ಹೊತ್ತಿಗೆ, ಅಣ್ಣ ಧೋತರ ಟವೆಲ್ಲು ಹಿಡಿದು ನನ್ನ ಹೆಸರು ಕೂಗುವಾಗ, ನಾನು ಮೋಟರ್‌ಸೈಕಲ್ಲಿಗೆ ಕಿಕ್ ಹೊಡೆಯುತ್ತಿದ್ದೆ. ಸೋದರರ ಆಹೇರು ಮುಟ್ಟದೆ ಮಂಟಪ ಬಿಟ್ಟರೆ ನಮ್ಮ ಕಡೆ ಅದಕ್ಕೆ ಬೇರೆ ವಿವರಣೆ ಬೇಕಾಗಿಲ್ಲ. ಅಂದಿನಿಂದ ಮಾತು ಬಂದ್.

ಮಾತು ಬಿಟ್ಟ ಮೇಲೆ ಎಷ್ಟು ಮಾತಾಡಬೇಕಾಗುತ್ತದೆ ಎಂಬುದು ಬಿಟ್ಟವರಿಗೇ ಗೊತ್ತು. ನಾನು ತೋಟಕ್ಕೆ ಹೋದರೆ ಅಣ್ಣ ತನ್ನ ಎತ್ತಿನ ಕಡೆ ತಿರುಗಿ, "ಇವತ್ತ ನೀರಿನ ಪಾಳಿ ನಮ್ದೈತಪಾ, ಯಾರರ ಮೋಟಾರ ಚಾಲೂ ಮಾಡ್ಯಾರು," ಎನ್ನುತ್ತಿದ್ದ. ನನಗೆ ಎತ್ತಿಲ್ಲ. ನಾನು ನನ್ನ ಮೋಟರ್‌ಸೈಕಲ್ಲಿಗೆ, "ನಿನ್ನೆ ಕರೆಂಟ್ ಇರಲಿಲ್ಲಪಾ, ಅದಕ್ಕ ಇವತ್ತ ನಮ್ಮ ಪಾಳಿ," ಎಂದು ಉತ್ತರ ಹೇಳುತ್ತಿದ್ದೆ. ಎತ್ತು ಒಮ್ಮೊಮ್ಮೆ ತಲೆ ಅಲ್ಲಾಡಿಸುತ್ತಿತ್ತು. ನನ್ನ ಗಾಡಿ ಅಷ್ಟೂ ಮಾಡುತ್ತಿರಲಿಲ್ಲ. ಹೀಗೆ ವರ್ಷಗಳು ಹೋದವು. ಈ ಅವಧಿಯಲ್ಲಿ ಆ ಎತ್ತು ನಮ್ಮ ಮನೆತನದ ಸಕಲ ವಿಚಾರಗಳನ್ನೂ ತಿಳಿದುಕೊಂಡಿತು.

ಈಗ ನನ್ನ ಮಗಳ ಮದುವೆ ನಿಶ್ಚಯವಾಗಿದೆ. ಅವಳು ಸಣ್ಣವಳಿದ್ದಾಗ ದೊಡ್ಡಪ್ಪನ ಹೆಗಲ ಮೇಲೆಯೇ ದ್ರಾಕ್ಷಿ ಗೊನೆ ಹರಿದು ತಿಂದವಳು. ಪ್ರವಾಸಕ್ಕೆ ಹೊರಡುವ ಮುಂಚೆ ಕಾರ್ಡಿನ ಮಾತು ಬಂದಾಗ, "ದೊಡ್ಡಪ್ಪ ಮೊದಲ ಅಕ್ಕಿಕಾಳು ಹಾಕಬೇಕು. ಅವರು ಬರದಿದ್ರ ನನಗ ಈ ಮದಿವೀನ ಬ್ಯಾಡ," ಎಂದು ಅತ್ತುಬಿಟ್ಟಳು. ಹೆಂಡತಿ ಅಳಲಿಲ್ಲ, ಅವಳ ರೀತಿ ಬೇರೆ.

"ಕಾರ್ಡಿನ್ಯಾಗ ಮೊದಲನೇ ಹೆಸರು ಭಾವನವರದು. ಅವರು ಹೂಂ ಅಂದ ಮ್ಯಾಲ ಛಾಪಸೂದು," ಎಂದಳು. "ನಿಮಗ ಕೇಳಾಕ ಆಗಂಗಿಲ್ಲ ಅಂದ್ರ ಹೇಳ್ರಿ, ನನ್ನ ಹೆಸರ ಮೊದಲ ಹಾಕಸ್ತೀನಿ. ನಿಮ್ದು ಮಂಟಪದವರ ಹೆಸರಿನ ಕೆಳಗ ಬರಲಿ."

ಅದಾದ ಮೇಲೆ ಅವಳು ಇದ್ದಕ್ಕಿದ್ದಂತೆ, ಪ್ರವಾಸಕ್ಕೆ ತಾನು ಬರುವುದಿಲ್ಲ, ಮೊಣಕಾಲು ನೋವು, ನೀವೊಬ್ಬರೇ ಹೋಗಿಬನ್ನಿ ಎಂದಳು. ಅವಳ ಮೊಣಕಾಲಿನ ಬಗ್ಗೆ ನನಗೆ ಅನುಮಾನ ಬರಬೇಕಿತ್ತು. ಅದೇ ಮೊಣಕಾಲು ಹಿಂದಿನ ದಿನ ಸೀರೆ ಅಂಗಡಿಯ ಮೂರು ಅಂತಸ್ತು ಹತ್ತಿ ಇಳಿದಿತ್ತು. ಬಸ್ಸು ಹತ್ತಿದರೆ ಮುಂದಿನ ಸೀಟಿನಲ್ಲಿ ಅಣ್ಣ! ಪಕ್ಕದಲ್ಲಿ ವೈನಿ, ಏನೂ ಅರಿಯದವರಂತೆ ಚೀಲದಿಂದ ಚಕ್ಕುಲಿ ತೆಗೆಯುತ್ತಿದ್ದರು. ತೋಟದ ಬದುವಿನಲ್ಲಿ ಗಂಡಂದಿರಿಬ್ಬರೂ ಎತ್ತು, ಗಾಡಿಗಳ ಜೊತೆ ಮಾತಾಡುತ್ತಿದ್ದ ಕಾಲದಲ್ಲಿ ಈ ವಾರಗಿತ್ತಿಯರಿಬ್ಬರೂ ದಿನಾಲೂ ಫೋನಿನಲ್ಲಿ ಮಾತಾಡುತ್ತಿದ್ದರೆಂದು ಆಗ ತಿಳಿಯಿತು.

ಅಣ್ಣ ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. ಇಳಿದು ಹೋಗಬಹುದಿತ್ತು. ಆದರೆ ಇಳಿದವನು ಸೋತ ಹಾಗೆ. ಆದ್ದರಿಂದ ಇಬ್ಬರೂ ಯುರೋಪಿಗೆ ಹೋದೆವು.

ಮೋಸ್ತಾರ್ ತಲುಪಿದ್ದು ಪ್ರವಾಸದ ಕೊನೆಯ ಭಾಗದಲ್ಲಿ. ಅಲ್ಲಿಯವರೆಗೆ ನಾನು ಅಣ್ಣನಿಗೆ ಹೇಳಬೇಕಾದ ಮಾತನ್ನು ಬಾಯಲ್ಲೇ ಇಟ್ಟುಕೊಂಡು, ದಿನಾ ಬೆಳಿಗ್ಗೆ ಹಲ್ಲುಜ್ಜಿ, ಅದನ್ನು ಅಲ್ಲೇ ಬಿಟ್ಟು ತಿರುಗಿದ್ದೆ. ವೈನಿ ಮಾತ್ರ ಟಪಾಲಿನವರಾಗಿದ್ದರು. "ಚಾ ಕುಡದಾನೇನು ಕೇಳು," ಎಂದು ಅಣ್ಣ ಅವರಿಗೆ ಹೇಳುತ್ತಿದ್ದ. ನಾನು ಅವನಿಂದ ಎರಡು ಮಾರು ದೂರದಲ್ಲಿ ಚಹಾದ ಕಪ್ಪು ಹಿಡಿದೇ ನಿಂತಿರುತ್ತಿದ್ದೆ. "ಕುಡದೇನಿ ಅಂತ ಹೇಳ್ರಿ ವೈನಿ," ಎನ್ನುತ್ತಿದ್ದೆ. ವೈನಿ ಇಬ್ಬರಿಗೂ ಏನೂ ಹೇಳದೆ ತಮ್ಮ ಚಹಾ ಕುಡಿಯುತ್ತಿದ್ದರು.

ಊರು ಚೆಂದವಿದೆ, ಇಲ್ಲವೆನ್ನುವುದಿಲ್ಲ. ಹಸಿರು ಬಣ್ಣದ ನದಿ, ಎರಡು ದಂಡೆಗೆ ಕಲ್ಲಿನ ಮನೆಗಳು, ಸೀಸದ ಕಡ್ಡಿಯಂತೆ ಸಪೂರವಾದ ಮಿನಾರುಗಳು, ನಡುವೆ ಒಂದೇ ಕಮಾನಿನ ಎತ್ತರದ ಸೇತುವೆ. ನಮ್ಮವರು ಒಂದೊಂದು ಮಸೀದಿಯ ಗುಮ್ಮಟ ಕಂಡಾಗಲೂ ಕತ್ತೆತ್ತಿ, ಒಬ್ಬರ ಮುಖ ಒಬ್ಬರು ನೋಡಿ, "ಇಷ್ಟs?" ಎಂದರು. ನಮಗೆ ನಾಲ್ಕು ಓಣಿ ದಾಟಿದರೂ ಮರೆಯಾಗದ ಗುಮ್ಮಟವೇ ಗುಮ್ಮಟ. ಅಣ್ಣ ಗೈಡ್ ಹುಡುಗಿಯ ಮುಂದೆ ಎರಡೂ ಕೈ ಅಗಲಿಸಿ ನಿಂತು, "ನಮ್ಮೂರಾಗ ಇಷ್ಟ ದೊಡ್ಡದೈತಿ," ಎಂದು ಅಚ್ಚ ಕನ್ನಡದಲ್ಲಿ ಹೇಳಿದ. ಅವಳು ಅವನು ಹಿಡಿದ ಮೀನಿನ ವಿಷಯ ಎಂದುಕೊಂಡು ನಗುತ್ತ ತಲೆದೂಗಿದಳು.

ಸೇತುವೆಯ ಕಥೆಯನ್ನೂ ಅವಳೇ ಹೇಳಿದಳು. ತುರ್ಕರ ಕಾಲದ ಸೇತುವೆ, ನೂರಾರು ವರ್ಷ ನಿಂತಿತ್ತು, ಆಮೇಲೆ ಯುದ್ಧದಲ್ಲಿ ಫಿರಂಗಿ ಏಟಿಗೆ ಉರುಳಿ ನದಿಗೆ ಬಿತ್ತು. ಒಂದೇ ಊರಿನ ಜನ ನದಿಯ ಆಚೆ ಈಚೆ ನಿಂತು ಹೊಡೆದಾಡಿದ ಕಾಲವದು. ಮುಂದೆ ಅದೇ ಬಗೆಯ ಕಲ್ಲು ತಂದು, ಹಳೆಯ ರೀತಿಯಲ್ಲೇ ಮತ್ತೆ ಕಟ್ಟಿದರು. ಹೇಳುವಾಗ ಅವಳ ದನಿ ಇಳಿಯಿತು. ನಮ್ಮವರೆಲ್ಲ ಬಗ್ಗಿ ನದಿಯನ್ನು ನೋಡಿದರು. ವೈನಿ ಮಾತ್ರ ಒಮ್ಮೆ ನನ್ನನ್ನು, ಒಮ್ಮೆ ತಮ್ಮ ಗಂಡನನ್ನು ಪಾಳಿಯ ಮೇಲೆ ನೋಡತೊಡಗಿದರು. ಅವರ ಕಣ್ಣಿನಲ್ಲಿ ಏನಿತ್ತೆಂದು ನನಗೂ ಗೊತ್ತಾಯಿತು, ನಿಮಗೂ ಗೊತ್ತಾಗಿರುತ್ತದೆ. ಅಷ್ಟು ದೊಡ್ಡ ದುಃಖದ ಪಕ್ಕದಲ್ಲಿ ನಮ್ಮ ಜಗಳವನ್ನಿಟ್ಟು ನೋಡಲು ನನಗೇ ನಾಚಿಕೆಯಾಯಿತು. ಅವರ ಸೇತುವೆ ಬೀಳಿಸಲು ಫಿರಂಗಿಯಾದರೂ ಬೇಕಾಯಿತು. ನಮಗೆ ಬಬಲೇಶ್ವರದವನೊಬ್ಬನ ಹೆಸರು ಸಾಕಾಗಿತ್ತು.

ಆ ಸೇತುವೆಯ ಕಲ್ಲು ನೂರು ವರ್ಷ ಎಣ್ಣೆ ತಿಕ್ಕಿದಂತೆ ನುಣ್ಣಗಿದೆ. ಇಳಿಯುವಾಗ ಅಣ್ಣನ ಕಾಲು ಜಾರಿತು. ನಾನು ಹಿಂದೆಯೇ ಇದ್ದೆ. ಯೋಚಿಸುವ ಮೊದಲೇ ನನ್ನ ಕೈ ಅವನ ರಟ್ಟೆ ಹಿಡಿದಿತ್ತು. ಅವನು ತಿರುಗಿ ನೋಡಿದ. ನಾನು ಒಲೆಯ ಮೇಲಿನ ಪಾತ್ರೆ ಮುಟ್ಟಿದವನಂತೆ ಕೈ ಬಿಟ್ಟೆ. ಅವನು ಸೇತುವೆಯ ಕಲ್ಲಿಗೆ, "ಭಾಳ ಜಾರತೀಪಾ ನೀನು," ಎಂದು ಹೇಳಿ ಮುಂದೆ ನಡೆದ. ಆಗ ನನ್ನ ಕೈಯಲ್ಲಿ ಉಳಿದದ್ದು ಅವನ ರಟ್ಟೆ ಎಷ್ಟು ಸಣ್ಣಗಾಗಿದೆ ಎಂಬ ತಿಳಿವಳಿಕೆ. ಎತ್ತಿನ ನೊಗ ಒಂದೇ ಕೈಯಲ್ಲಿ ಎತ್ತುತ್ತಿದ್ದ ರಟ್ಟೆ ಅದು. ನನಗೆ ಬಹಳ ಕೆಟ್ಟದೆನಿಸಿತು.

ಸೇತುವೆಯ ಆಚೆ ತಾಮ್ರದ ಪಾತ್ರೆಗಳ ಸಂದಿ. ಸಾಲಾಗಿ ಅಂಗಡಿ, ಒಳಗೆ ಟಕಟಕ ಸುತ್ತಿಗೆಯ ಸದ್ದು. ಅಣ್ಣ ಒಂದು ಅಂಗಡಿಯ ಮುಂದೆ ನಿಂತ. ದಪ್ಪ ಮೀಸೆಯ ಅಂಗಡಿಯವನು ಎದ್ದು ಬಂದ. ಒಂದೊಂದು ಜೆಜ್ವಾಕ್ಕೂ ಅಲ್ಲಿನ ದುಡ್ಡಿನಲ್ಲಿ ಐವತ್ತು ಎಂದು ಚೀಟಿ ಅಂಟಿಸಿತ್ತು. ಚೀಟಿ ನೋಡಿ ದುಡ್ಡು ಕೊಡುವುದು ಅಣ್ಣನ ಜಾಯಮಾನವಲ್ಲ. ಅವನು ದನದ ಸಂತೆಯಲ್ಲಿ ಬೆಳೆದವನು. ಅಲ್ಲಿ ದರ ಬಾಯಿಂದ ಆಡುವುದಿಲ್ಲ. ಕೊಳ್ಳುವವನು, ಮಾರುವವನು ಇಬ್ಬರೂ ಟವೆಲ್ಲಿನ ಕೆಳಗೆ ಕೈ ಕೂಡಿಸಿ, ಬೆರಳು ಹಿಡಿದು ದರ ತಿಳಿಸುತ್ತಾರೆ. ಸುತ್ತ ನಿಂತವರಿಗೆ ಟವೆಲ್ಲು ಮಿಸುಕುವುದು ಕಾಣುತ್ತದೆ, ಅಂಕಿ ಕಾಣುವುದಿಲ್ಲ.

ನಾನು ನೋಡುತ್ತಿದ್ದಂತೆ ಅಣ್ಣ ಹೆಗಲ ಮೇಲಿನ ಟವೆಲ್ಲು ತೆಗೆದ. ಅಂಗಡಿಯವನ ಬಲಗೈ ಹಿಡಿದೆಳೆದ. ಎರಡೂ ಕೈಗಳ ಮೇಲೆ ಟವೆಲ್ಲು ಹೊದಿಸಿದ. ಮೀಸೆಯವನು ಬೆಚ್ಚಿದ. ಅಣ್ಣ ಅವನ ನಾಲ್ಕು ಬೆರಳು ಹಿಡಿದು ಅದುಮಿದ, ನಲವತ್ತು ಎಂದು. ಪಾಪ, ಆ ಮನುಷ್ಯನಿಗೆ ಏನು ತಿಳಿಯಬೇಕು? ದೂರದ ದೇಶದ ಹಿರಿಯ, ಪ್ರೀತಿಯಿಂದ ಕೈ ಹಿಡಿದಿದ್ದಾನೆ. ಅವನೂ ಪ್ರೀತಿಯಿಂದ ಐದೂ ಬೆರಳು ಸೇರಿಸಿ ಅಣ್ಣನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಐವತ್ತು!

ಅಣ್ಣ ಮತ್ತೆ ನಾಲ್ಕು ಅದುಮಿದ. ಅವನು ಮತ್ತೆ ಐದೂ ಬೆರಳಿನಿಂದ ಹಿಡಿದು ಕುಲುಕಿದ. ಅಣ್ಣನ ಹಣೆಯಲ್ಲಿ ಬೆವರು. ಮೀಸೆಯವನ ಕಣ್ಣಲ್ಲಿ ನೀರು. ಅವನು ಪಕ್ಕದ ಅಂಗಡಿಯವನನ್ನು ಕರೆದು ಎಡಗೈಯಿಂದ ಟವೆಲ್ಲು ತೋರಿಸಿ ಏನೋ ಹೇಳಿದ. ಬಹುಶಃ ಭಾರತದ ಸಂಸ್ಕೃತಿಯನ್ನು ಹೊಗಳುತ್ತಿದ್ದ. ಕೊನೆಗೆ ಅಣ್ಣ ಸೋತು, ಟವೆಲ್ಲು ತೆಗೆದು, ಚೀಟಿಯಲ್ಲಿದ್ದಷ್ಟೇ ದುಡ್ಡು ಎಣಿಸಿ ಕೊಟ್ಟ.

"ಗಟ್ಟಿ ವ್ಯಾಪಾರಸ್ಥ ಅದಾನ ಮಗ," ಎಂದು ವೈನಿಗೆ ಹೇಳಿದ. "ಐದರ ಕೆಳಗ ಒಂದ ಬೆರಳೂ ಇಳೀಲಿಲ್ಲ. ನಮ್ಮ ಸಂತ್ಯಾಗ ಇರಬೇಕಾಗಿತ್ತು ಇಂವ."

ನಾನು ಗೋಡೆಯ ಕಡೆ ತಿರುಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕು ತಿರುಗಿದಾಗ ಅಂಗಡಿಯವನು ಕಾಗದದಲ್ಲಿ ಸುತ್ತುತ್ತಿದ್ದುದು ಕಂಡಿತು. ಒಂದಲ್ಲ, ಎರಡು ಜೆಜ್ವಾ. ಒಂದೇ ಅಳತೆ, ಒಂದೇ ಕೆತ್ತನೆ.

ಇಲ್ಲಿ ನಮ್ಮ ಅವ್ವನ ಸಂಗತಿ ಹೇಳಲೇಬೇಕು. ಅವ್ವನ ತವರು ಮಮದಾಪುರ. ಅಲ್ಲಿಂದ ಬರುವಾಗ ಅವಳು ಏನು ತಂದರೂ ಎರಡು ತರುತ್ತಿದ್ದಳು. ಎರಡು ಬುಗುರಿ, ಎರಡು ಟೊಪ್ಪಿಗೆ, ಎರಡು ಪೀಪಿ. ಒಂದೇ ಬಣ್ಣ, ಒಂದೇ ಅಳತೆ. ನನಗೆ ಟೊಪ್ಪಿಗೆ ದೊಡ್ಡದಾಗಿ ಕಣ್ಣು ಮುಚ್ಚುತ್ತಿತ್ತು, ಅಣ್ಣನಿಗೆ ಸಣ್ಣದಾಗಿ ನೆತ್ತಿಯ ಮೇಲೆ ಕೂಡುತ್ತಿತ್ತು. ಇಬ್ಬರಿಗೂ ಸರಿಹೊಂದದಂಥದ್ದು ತಂದರೆ ಜಗಳಕ್ಕೆ ಜಾಗವಿಲ್ಲ ಎಂಬುದು ಅವಳ ಲೆಕ್ಕ. ಅವಳು ತೀರಿಕೊಂಡು ಎಷ್ಟೋ ವರ್ಷವಾದ ಮೇಲೂ, ಮಾತು ಬಿಟ್ಟ ಮೇಲೂ, ಅಣ್ಣ ಅಂಗಡಿಗೆ ಹೋದರೆ ಎರಡು ಕೊಳ್ಳುತ್ತಿದ್ದಾನೆ. ಎರಡನೆಯದು ಯಾರಿಗೆಂದು ಅವನು ಹೇಳಲಿಲ್ಲ. ಚೀಲಕ್ಕೆ ಹಾಕಿಕೊಂಡು ಹೊರಟ. ಅಲ್ಲೇ ಕರೆದು ಮಾತಾಡಿಸಿಬಿಡೋಣ ಎನ್ನಿಸಿತು. ಮಾತಾಡಿಸಲಿಲ್ಲ. ಬದಲಿಗೆ ಮೂರು ಹೆಜ್ಜೆ ಹಿಂದೆಯೇ, ಸಾಲ ವಸೂಲಿಗೆ ಗಂಟುಬಿದ್ದವನಂತೆ ನಡೆದೆ.

ಕೊನೆಗೆ ಗೈಡ್ ಹುಡುಗಿ ನಮ್ಮನ್ನು ತುರ್ಕರ ಕಾಲದ ಒಂದು ಹಮಾಮಿಗೆ, ಅಂದರೆ ಸ್ನಾನದ ಮನೆಗೆ, ಕರೆದುಕೊಂಡು ಹೋದಳು. ಈಗ ಅಲ್ಲಿ ಯಾರೂ ಮೀಯುವುದಿಲ್ಲ, ನೋಡಲಿಕ್ಕೆ ಇಟ್ಟಿದ್ದಾರೆ. ಒಳಗಿನ ಕೋಣೆ ನಮ್ಮ ದೇವರ ಕೋಣೆಗಿಂತ ತುಸು ದೊಡ್ಡದು. ಮೇಲೆ ಗುಮ್ಮಟ, ಗುಮ್ಮಟದಲ್ಲಿ ನಕ್ಷತ್ರದಾಕಾರದ ಸಣ್ಣ ಕಿಂಡಿಗಳು, ಅವುಗಳಿಂದ ನೆಲಕ್ಕೆ ಬಿದ್ದ ಬೆಳಕು. ಬೇರೆ ಯಾರಾದರೂ ಆಗಿದ್ದರೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ವಿಜಯಪುರ ಜಿಲ್ಲೆಯವರಿಗೆ ತಲೆಯ ಮೇಲೆ ಗುಮ್ಮಟ ಬಂತೆಂದರೆ ಕೈಗಳು ತಾವಾಗಿಯೇ ಎದ್ದುಬಿಡುತ್ತವೆ. ಒಬ್ಬರು ಚಪ್ಪಾಳೆ ತಟ್ಟಿದರು. ಇನ್ನೊಬ್ಬರು "ಓ..." ಎಂದರು. ಬಿಜ್ಜರಗಿಯವರು ಕೆಮ್ಮಿ ನೋಡಿದರು. ಮತ್ತೊಬ್ಬರು ಕಾಗದ ಹರಿದರು, ಗೋಳಗುಮ್ಮಟದಲ್ಲಿ ಕಾಗದ ಹರಿದ ಸದ್ದೂ ಕೇಳಿಸುತ್ತದೆಂದು. ಟಿಕೇಟಿನ ಮೇಜಿನ ಹೆಂಗಸು ಓಡಿಬಂದು ತುಟಿಗೆ ಬೆರಳಿಟ್ಟಳು.

"ಒಂದ ಸಲಾನೂ ತಿರುಗಿ ಬರಲಿಲ್ಲರಿ," ಎಂದು ನಮ್ಮವರು ನಿರಾಶೆಯಿಂದ ಹೊರಗೆ ಹೋದರು, ಐದು ನಿಮಿಷದಲ್ಲಿ ತುರ್ಕರ ವಾಸ್ತುಶಿಲ್ಪವನ್ನು ನಾಪಾಸು ಮಾಡಿ.

ಅಣ್ಣ ಹೋಗಲಿಲ್ಲ. ಅವನು ಕೋಣೆಯ ಒಂದು ಮೂಲೆಗೆ ಹೋಗಿ, ಗೋಡೆಗೆ ಕಿವಿ ಹಚ್ಚಿ ನಿಂತ.

ಆ ನಿಲುವು ನನಗೆ ಗೊತ್ತು. ನಾವು ಸಣ್ಣವರಿದ್ದಾಗ, ಮಮದಾಪುರದ ನೆಂಟರು ಬಂದಾಗಲೆಲ್ಲ ಅಪ್ಪ ನಮ್ಮನ್ನು ಗೋಳಗುಮ್ಮಟಕ್ಕೆ ಕರೆತರುತ್ತಿದ್ದ. ಮೇಲಿನ ಪಡಸಾಲೆಯಲ್ಲಿ ಅಣ್ಣ ಆಚೆ ತುದಿಗೆ ಹೋಗಿ ಹೀಗೆಯೇ ಗೋಡೆಗೆ ಕಿವಿ ಹಚ್ಚುತ್ತಿದ್ದ. ನಾನು ಈಚೆ ತುದಿಯಲ್ಲಿ ಗೋಡೆಗೆ ಬಾಯಿ ಇಟ್ಟು, "ಅಣ್ಣಾ, ಕೇಳಸ್ತೈತೇನು?" ಎಂದು ಪಿಸುಗುಡುತ್ತಿದ್ದೆ. ಅಷ್ಟು ದೂರದಿಂದ, ಕಿವಿಯ ಪಕ್ಕದಲ್ಲೇ ನಿಂತವನ ಹಾಗೆ ಅವನ ದನಿ ಬರುತ್ತಿತ್ತು: "ಕೇಳಸವಲ್ದಲೇ!" ನಾನು ಪೂರಾ ನಂಬುತ್ತಿದ್ದೆ. ಇನ್ನೂ ಜೋರಾಗಿ ಕೂಗುತ್ತಿದ್ದೆ. "ಕೇಳಸವಲ್ದು, ಇನ್ನೂ ಜೋರ್ ಹೇಳು!" ಎನ್ನುತ್ತಿದ್ದ. ಗಂಟಲು ಹರಿಯುವಂತೆ ಒದರಿದಾಗ ಕಾವಲಿನವನ ಸೀಟಿ, ಅದರ ಹಿಂದೆಯೇ ಅಪ್ಪನ ಏಟು. ಕೇಳಿಸದೆ ಹೋದರೆ ಕೇಳಿಸುವುದಿಲ್ಲ ಎಂದು ಉತ್ತರ ಕೊಡಲು ಬರುವುದಿಲ್ಲ ಎಂಬುದು ನನಗೆ ಹೊಳೆದದ್ದು ಹೈಸ್ಕೂಲಿಗೆ ಬಂದ ಮೇಲೆ. ನನ್ನ ಬುದ್ಧಿಯ ವೇಗದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಹಮಾಮಿನಲ್ಲಿ ನಾನು ಎದುರಿನ ಮೂಲೆಗೆ ಹೋದೆ. ವೈನಿ ಬಾಗಿಲಲ್ಲಿದ್ದರು. "ನಾ ಹೊರಗ ಕುಂದರ್ತೀನಿ," ಎಂದು ಹೇಳಿ, ಹೊರಗೆ ಹೋಗದೆ, ಬಾಗಿಲ ತುಂಬ ತಮ್ಮನ್ನು ತುಂಬಿಕೊಂಡು ನಿಂತುಬಿಟ್ಟರು. ಒಳಗಿನವರು ಹೊರಗೆ ಹೋಗುವಂತಿರಲಿಲ್ಲ, ಹೊರಗಿನವರು ಒಳಗೆ ಬರುವಂತಿರಲಿಲ್ಲ. ನಾನು ಗೋಡೆಯ ಕಡೆ ಮುಖ ಮಾಡಿದೆ. ಕಲ್ಲು ತಣ್ಣಗಿತ್ತು. ಐವತ್ತು ದಾಟಿದ, ಕೂದಲಿಗೆ ಬಣ್ಣ ಹಚ್ಚುವ, ಒಣದ್ರಾಕ್ಷಿ ವ್ಯಾಪಾರದಲ್ಲಿ ಹೆಸರು ಮಾಡಿದ ಮನುಷ್ಯನಾದ ನಾನು ಪರದೇಶದ ಬಚ್ಚಲುಮನೆಯ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದೆ:

"ಅಣ್ಣಾ, ಕೇಳಸ್ತೈತೇನು?"

ಉತ್ತರ ಬರಲಿಲ್ಲ. ಹೊರಗೆ ನದಿಯ ಸದ್ದು. ಇನ್ನು ಇವನು ಮಾತಾಡುವುದಿಲ್ಲ, ಮಗಳಿಗೆ ಏನು ಹೇಳಲಿ ಎಂದುಕೊಂಡೆ.

ಆಮೇಲೆ ಎದುರಿನ ಗೋಡೆಯಿಂದ ದನಿ ಬಂತು.

"ಕೇಳಸವಲ್ದಲೇ."

ನಾನು ನಿಮಗೆ ಸುಳ್ಳು ಹೇಳುವುದಿಲ್ಲ. ಆ ಗುಮ್ಮಟ ಏನೂ ಮಾಡಲಿಲ್ಲ. ಅಷ್ಟು ಸಣ್ಣ ಕೋಣೆಯಲ್ಲಿ ಗೋಡೆಗೆ ಹೇಳಿದರೂ ಅಷ್ಟೇ, ಮುಖಕ್ಕೆ ಹೇಳಿದರೂ ಅಷ್ಟೇ. ನಮ್ಮ ತೋಟದ ಬದುವಿನ ಮೇಲೆ ಇಬ್ಬರೂ ಇದಕ್ಕಿಂತ ಹತ್ತಿರ ನಿಲ್ಲುತ್ತಿದ್ದೆವು. ಆದರೂ ಆ ದನಿ ಕೇಳಿ ನನ್ನ ಕಣ್ಣು ತುಂಬಿತು. ಗೋಡೆಯ ಕಡೆ ಮುಖವಿದ್ದದ್ದು ಒಳ್ಳೆಯದಾಯಿತು.

"ಮಗಳ ಮದಿವಿ ಐತಿ," ಎಂದೆ ಗೋಡೆಗೆ. "ಕಾರ್ಡಿನ್ಯಾಗ ನಿನ್ನ ಹೆಸರ ಮೊದಲ ಹಾಕಸ್ತೀನಿ. ನೀನs ಮೊದಲ ಅಕ್ಕಿಕಾಳು ಹಾಕಬೇಕಂತ ಅಳಾಕತ್ತಾಳ."

"ಅದೂ ಕೇಳಸವಲ್ದು. ಜೋರ್ ಹೇಳು."

ನಾನು ಜೋರಾಗಿ ಹೇಳಿದೆ. "ಇನ್ನೂ ಜೋರ್," ಎಂದ. ನಾನು ಒದರಿದೆ. ಟಿಕೇಟಿನ ಹೆಂಗಸು ಮತ್ತೆ ಓಡಿಬಂದಳು. ಆದರೆ ಬಾಗಿಲಲ್ಲಿ ವೈನಿ ಇದ್ದುದರಿಂದ ಅವಳಿಗೆ ಒಳಗೆ ಬರಲಾಗಲಿಲ್ಲ.

"ನನಗ ಕೇಳಸ್ತು, ಟಿಕೀಟಿನಾಕಿಗೂ ಕೇಳಸ್ತು. ಸಾಕ್ ಮಾಡ್ರಿ ಇಬ್ರೂ!" ಎಂದರು ವೈನಿ. ಸೆರಗಿನಿಂದ ಮೂಗು ಒರೆಸಿಕೊಂಡರು.

ಅಣ್ಣ ಮೂಲೆ ಬಿಟ್ಟು ಬಂದ. ಚೀಲದಿಂದ ಕಾಗದದ ಸುರುಳಿಯೊಂದನ್ನು ತೆಗೆದು ನನ್ನ ಕೈಗೆ ತುರುಕಿದ.

"ಹಿಡಿ. ಒಂದs ತಗೊಂಡ್ರ ಅವ್ವ ಬೈತಾಳ," ಎಂದ. ಆಮೇಲೆ, "ಆಹೇರು ಬಿಟ್ಟ ಹೋಗಿದ್ದೆಲ್ಲ ಅವತ್ತ, ಧೋತರ ಇನ್ನೂ ಟ್ರಂಕಿನ್ಯಾಗ ಐತಿ. ಬಂದ ಒಯ್ಯಿ," ಎಂದ.

ನಾನು ಹೂಂ ಎಂದೆ. ಊರಿಗೆ ಬಂದವನೇ ತಿಕೋಟಾಕ್ಕೆ ಹೋಗಿ ಧೋತರ ತಂದೆ. ಮಗಳು ಫೋನಿನಲ್ಲಿ ದೊಡ್ಡಪ್ಪನ ಜೊತೆ ಒಂದು ತಾಸು ಮಾತಾಡಿ, ನಕ್ಕು, ಮತ್ತೆ ಅತ್ತಳು. ಹೆಂಡತಿಯ ಮೊಣಕಾಲು ಆಶ್ಚರ್ಯವೆನ್ನುವಂತೆ ಅದೇ ದಿನ ವಾಸಿಯಾಯಿತು. ಎತ್ತು ಮಾತ್ರ ಈಚೆಗೆ ಮಂಕಾಗಿದೆಯಂತೆ, ಅದರೊಡನೆ ಈಗ ಯಾರೂ ಮಾತಾಡುವುದಿಲ್ಲ.

ಇವತ್ತು ಬೆಳಿಗ್ಗೆ, ನಾನು ಹೇಳಿದೆನಲ್ಲ, ಹೆಂಡತಿ ಜೆಜ್ವಾದಲ್ಲಿ ಎಣ್ಣೆ ಕಾಯಿಸುತ್ತಿದ್ದಳು. ನನ್ನ ಮುಂದೆ ಮದುವೆ ಕಾರ್ಡಿನ ಮೊದಲ ಕರಡು ಇತ್ತು. 'ಸುಖಾಗಮನ ಬಯಸುವವರು', ಅದರ ಕೆಳಗೆ ಮೊಟ್ಟಮೊದಲು, ದಪ್ಪ ಅಕ್ಷರದಲ್ಲಿ ಅಣ್ಣನ ಹೆಸರು. ಎರಡನೆಯದು ನನ್ನದು. ನೋಡಿ ನೋಡಿ ನನಗೇ ಸಂತೋಷವಾಗುತ್ತಿತ್ತು. ಅಷ್ಟರಲ್ಲಿ ಅಣ್ಣನ ಫೋನ್ ಬಂತು. ಕರಡಿನ ಫೋಟೊ ಅವನಿಗೂ ಹೋಗಿತ್ತು.

"ತಮ್ಮಾ, ಕಾರ್ಡ್ ನೋಡಿದೆ. ಚಲೋ ಆಗೈತಿ," ಎಂದ. "ಒಂದ ಬಾಕಿ ಉಳದೈತಿ ನೋಡು. ಬಬಲೇಶ್ವರದ ನಿಮ್ಮ ವೈನಿ ತಮ್ಮಂದು ಹೆಸರs ಇಲ್ಲ. ಆಂವ ಬ್ಯಾಸರ ಮಾಡ್ಕೋತಾನ. ಅವನ ಹೆಸರ ಹಾಕಸು. ನಿನ್ನ ಹೆಸರಿನ ಮ್ಯಾಲ ಒಂದ ಸಾಲ ಜಾಗಾ ಐತೆಲ್ಲ, ಅಲ್ಲೇ ಕುಂದರ್ತೈತಿ."

ನಾನು ಫೋನು ಹಿಡಿದುಕೊಂಡು ಎದ್ದೆ. ಅಡುಗೆಮನೆಗೆ ಹೋದೆ. ಹೆಂಡತಿ ಆಗಷ್ಟೇ ಸಾಸಿವೆ ಹಾಕಿದ್ದಳು. ಮೋಸ್ತಾರಿನ ತಾಮ್ರ ಚಟಪಟ ಸಿಡಿಯುತ್ತಿತ್ತು. ನಾನು ಫೋನನ್ನು ಅದರ ಹತ್ತಿರಕ್ಕೆ ಹಿಡಿದು ಹೇಳಿದೆ:

"ಅಣ್ಣಾ, ಕೇಳಸವಲ್ದು."